ಅಮಾವಾಸ್ಯೆಯ ಆಣೆ

ಹೊಳೆಯ ದಂಡೆಯ ಮೇಲಿದ್ದ ಆ ಸಣ್ಣ ಮಠಕ್ಕೆ ಸುತ್ತಲಿನ ಊರವರು ಇಟ್ಟ ಹೆಸರು ಕುಡುಕರ ಮಠ. ಮಠದ ಹಿರಿಯರಾದ ಅಡವಿಸ್ವಾಮಿ ಅಜ್ಜಾರಿಗೆ ಆ ಹೆಸರಿನಿಂದ ಬೇಸರವಿರಲಿಲ್ಲ. ಅವರ ಶಿಷ್ಯ ಪಡದಯ್ಯನಿಗೆ ಇತ್ತು.

"ನಾವೇನು ಕುಡೀತೀವೇನ್ರಿ ಅಜ್ಜಾರ?" ಎಂದು ಅವನು ಒಮ್ಮೆ ಕೇಳಿದ್ದ.

"ದವಾಖಾನಿಗೆ ಬ್ಯಾನಿ ಬಿದ್ದವರ ಮನಿ ಅಂದ್ರ ಡಾಕ್ಟರು ಸಿಟ್ಟಾಗ್ತಾರೇನು?" ಎಂದರು ಅಜ್ಜಾರು.

ಕುಡಿತ ಬಿಡಬೇಕೆಂದು ಬಂದವರಿಗೆ ಆ ಮಠದಲ್ಲಿ ಉಪದೇಶ ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಕುಡಿದವರನ್ನು ಅಜ್ಜಾರು ಮೊದಲು ತಾಲೂಕಾ ಆಸ್ಪತ್ರೆಗೆ ಕಳಿಸುತ್ತಿದ್ದರು. ಅಂಥವರು ಒಮ್ಮೆಲೇ ಬಿಟ್ಟರೆ ಮೈ ನಡುಗಿ, ಫಿಟ್ಸು ಬಂದು, ಸತ್ತವರೂ ಇದ್ದಾರೆ ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಮಠದಲ್ಲಿ ಊಟ, ನಿದ್ದೆ, ಕೈಗೆ ಏನಾದರೊಂದು ಕೆಲಸ, ಸಂಜೆ ಕಟ್ಟೆಯ ಮೇಲೆ ಕೂತು ಮಾತು. ಮತ್ತೆ ಕುಡಿದು ಬಂದರೆ ಮತ್ತೆ ಅದೇ.

ಹಾಗೆ ಬರುತ್ತಿದ್ದವರಲ್ಲಿ ಫಕೀರಪ್ಪನೂ ಒಬ್ಬ. ಅವನು ಗೌಂಡಿ, ಮನೆ ಕಟ್ಟುವ ಕಸುಬಿನವ. ತಿಂಗಳುಗಟ್ಟಲೆ ಕುಡಿತ ಬಿಟ್ಟಿರುತ್ತಿದ್ದ. ಆಮೇಲೆ ಒಂದು ದಿನ ಮತ್ತೆ ಕುಡಿದು ಬೀಳುತ್ತಿದ್ದ. ಬಿದ್ದವನು ಅತ್ತುಕೊಂಡೋ ಹಾಡಿಕೊಂಡೋ ನೆಟ್ಟಗೆ ಮಠದ ಬಾಗಿಲಿಗೆ ಬರುತ್ತಿದ್ದ.

"ಬಾ ಫಕೀರಪ್ಪ. ಉಂಡೀಯೇನು?" ಎನ್ನುತ್ತಿದ್ದರು ಅಜ್ಜಾರು. ಬೇರೇನೂ ಕೇಳುತ್ತಿರಲಿಲ್ಲ.

ಪಡದಯ್ಯನಿಗೆ ಇದು ಹಿಡಿಸುತ್ತಿರಲಿಲ್ಲ. ಅವನು ಕೆಟ್ಟವನಲ್ಲ. ಕುಡಿದು ಬಂದವರ ವಾಂತಿ ಬಳಿದವನು ಅವನೇ, ಅವರ ಹೆಂಡಂದಿರ ಕಣ್ಣೀರು ನೋಡಿದವನೂ ಅವನೇ. ನೋಡಿ ನೋಡಿ ಅವನಿಗೆ ಸಾಕಾಗಿತ್ತು.

"ಅಜ್ಜಾರ, ಇವಂಗ ಎಷ್ಟ ಸಲ ಅಂತ ಹಿಂಗ ಮಾಡೂದ್ರಿ?"

"ಎಷ್ಟ ಸಲ ಬರ್ತಾನೋ ಅಷ್ಟ ಸಲ."

"ಅಂಜಿಕಿ ಇಲ್ಲಂದ್ರ ಇವ್ರು ಹ್ಯಾಂಗ ಬಿಟ್ಟಾರ್ರಿ?"

"ಅಂಜಿಕಿ ಅವಂಗ ಬೇಕಾದಷ್ಟೈತಿ ಪಡದಯ್ಯ. ಅದನ್ನ ಮರೀಲಿಕ್ಕೇ ಕುಡೀತಾನ."

ಪಡದಯ್ಯ ಹೂಂ ಎಂದ. ಒಪ್ಪಿ ಅಂದ ಹೂಂ ಅಲ್ಲ ಅದು.

ಆ ವರ್ಷ ಶ್ರಾವಣದಲ್ಲಿ ಪುರಾಣ ಹೇಳಲು ಅಜ್ಜಾರು ದೂರದ ಊರಿಗೆ ಹೋದರು. ಅಲ್ಲಿ ಮೊಣಕಾಲು ನೋವು ಹಿಡಿದುಕೊಂಡು, ಶ್ರಾವಣ ಮುಗಿದರೂ ಬರಲಾಗಲಿಲ್ಲ. ಮಠ ಪಡದಯ್ಯನ ಕೈಗೆ ಬಂತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಪಡದಯ್ಯನೂ ಎತ್ತೆತ್ತಿ ಒಗೆದ.

ಮಠದ ಅಂಗಳದಲ್ಲಿ ಹಿಂದಿನ ಗುರುಗಳ ಗದ್ದುಗೆ ಇತ್ತು. ಅವರನ್ನು ಸಮಾಧಿ ಮಾಡಿದ ಜಾಗ ಅದು. ಅದರ ಮೇಲೆ ಜನಕ್ಕೆ ಭಕ್ತಿಗಿಂತ ಭಯ ಹೆಚ್ಚು. ಪಡದಯ್ಯ ಒಂದು ಪದ್ಧತಿ ಹಾಕಿದ. ಕುಡಿತ ಬಿಡುವವರು ಅಮಾವಾಸ್ಯೆಯ ದಿನ ಬರಬೇಕು. ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಗದ್ದುಗೆಯ ಮೇಲೆ ಬಲಗೈ ಇಡಬೇಕು. "ಇನ್ನ ಮುಟ್ಟಿದ್ರ ಈ ಹೊಸ್ತಿಲಾ ತುಳಿಯಂಗಿಲ್ಲ" ಎಂದು ಆಣೆ ಮಾಡಬೇಕು.

ಆಣೆ ಮುರಿದು ಹೊಸ್ತಿಲು ತುಳಿದರೆ ಮನೆತನಕ್ಕೆ ಕೇಡು ಎಂಬುದನ್ನು ಜನ ತಾವೇ ಸೇರಿಸಿಕೊಂಡರು. ಪಡದಯ್ಯ ಅಲ್ಲ ಎನ್ನಲಿಲ್ಲ.

ಸುಳ್ಳು ಹೇಳಬಾರದು, ಕೆಲವರು ಕುಡಿತ ಬಿಟ್ಟರು ಕೂಡ. ಸುದ್ದಿ ಹಬ್ಬಿತು. ಮುಂದಿನ ಅಮಾವಾಸ್ಯೆಗೆ, ದಸರೆಯ ಮುಂಚಿನ ಮಾನವಮಿ ಅಮಾವಾಸ್ಯೆಗೆ, ಟಂಟಂ ಗಾಡಿಗಳಲ್ಲಿ ಜನ ಬಂದಿಳಿದರು. ಮಠದ ಮುಂದೆ ಕಾಯಿ ಕರ್ಪೂರದ ಅಂಗಡಿ ಎದ್ದಿತು. ಕುಡುಕರ ಮಠ ಅನ್ನುತ್ತಿದ್ದವರೇ ಈಗ ಆಣೆಯ ಮಠ ಅನ್ನತೊಡಗಿದರು. ಪಡದಯ್ಯನಿಗೆ ಎದೆ ಉಬ್ಬಿತು.

ಅದೇ ಮಾನವಮಿ ಅಮಾವಾಸ್ಯೆಯ ಬೆಳಿಗ್ಗೆ ಅಜ್ಜಾರು ಕೋಲು ಊರಿಕೊಂಡು ಬಂದರು. ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತಿದ್ದ ಜನರ ಸಾಲು ನೋಡಿದರು. ಕಟ್ಟೆಯ ಮೇಲೆ ಕೂತು ಎಲ್ಲ ಮುಗಿಯುವವರೆಗೆ ನೋಡಿದರು.

ಜನ ಹೋದ ಮೇಲೆ ಪಡದಯ್ಯ ಓಡಿ ಬಂದು ಕಾಲಿಗೆರಗಿದ.

"ನೋಡಿದ್ರೇನ್ರಿ ಅಜ್ಜಾರ? ನೀವು ಇಷ್ಟ ವರ್ಷ ಅನ್ನ ಹಾಕಿ ಮಾಡಿದ್ದನ್ನ ಗದ್ದಿಗಿ ಎರಡ ಅಮಾಸ್ಯಾಗ ಮಾಡೇತಿ."

"ಚೊಲೋ ಆತು. ಹೋದ ಅಮಾಸಿಗೆ ಆಣೆ ಮಾಡಿದವರು ಎಲ್ಲಿ?"

"ಅವ್ರು ಬಿಟ್ರಲ್ರಿ. ಬಿಟ್ಟವರಿಗೆ ಇಲ್ಲೇನು ಕೆಲಸ?"

"ಎಲ್ಲಾರೂ ಬಿಟ್ರ?"

ಪಡದಯ್ಯ ತಡೆದ. "ಕೆಲವ್ರು ಮುರದಾರಂತ್ರಿ."

"ಅವರೆಲ್ಲಿ?"

"ಅವ್ರು ಹ್ಯಾಂಗ ಬರ್ತಾರ್ರಿ? ಹೊಸ್ತಿಲಾ ತುಳಿಯಂಗಿಲ್ಲಲ್ಲ."

ಅಜ್ಜಾರು ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡರು.

"ಬಿಟ್ಟವರು ಬರೂದಿಲ್ಲ, ಕೆಲಸ ಇಲ್ಲ. ಬಿದ್ದವರು ಬರೂದಿಲ್ಲ, ಅಂಜಿಕಿ. ಹಂಗಾದ್ರ ಬಾಗ್ಲಾ ಯಾರಿಗಂತ ತಗದೀವಿ ಪಡದಯ್ಯ?"

ಪಡದಯ್ಯ ಕೈಗೆ ಅಂಟಿದ ವಿಭೂತಿ ಒರೆಸಿಕೊಂಡ.

"ಫಕೀರಪ್ಪ ಎಲ್ಲಿ?"

"ಅವನೂ ಆಣೆ ಮಾಡಿದ್ನ್ರಿ. ಮುರದ."

ನಡೆದದ್ದು ಹೀಗೆ. ಹೊಸ ಮನೆಗೆ ಸ್ಲ್ಯಾಬ್ ಹಾಕಿದ ದಿನ ಮನೆಯ ಯಜಮಾನ ಗೌಂಡಿಗಳಿಗೆಲ್ಲ ಬಾಡೂಟ ಹಾಕಿ ಬಾಟಲಿ ಕೊಡುವುದು ಆ ಕಡೆಯ ರೂಢಿ. ಕೊಡದಿದ್ದರೆ ಯಜಮಾನನಿಗೆ ಅವಮಾನ, ಕುಡಿಯದಿದ್ದರೆ ಗೌಂಡಿಗೆ ಅವಮಾನ. ಫಕೀರಪ್ಪ ಆ ದಿನ ಊಟ ಮಾಡಿ ಎದ್ದು ಬರಬೇಕೆಂದಿದ್ದ. ಏಳಲಿಲ್ಲ. ಅಂದಿನಿಂದ ಅವನು ಮಠದ ಕಡೆ ತಲೆ ಹಾಕಿರಲಿಲ್ಲ. ಮನೆಗೂ ಸರಿಯಾಗಿ ಹೋಗುತ್ತಿರಲಿಲ್ಲ.

"ಎಷ್ಟೋ ಸಲ ಬಿದ್ದ, ಅಷ್ಟೂ ಸಲ ಎದ್ದು ಬಂದ," ಎಂದರು ಅಜ್ಜಾರು. "ಈಗ ಒಂದ ಸಲ ಬಿದ್ದ. ಬರ್ಲಿಲ್ಲ."

"ನನ್ನ ತಪ್ಪೇನ್ರಿ ಅದರಾಗ? ಮಾತ ಕೊಟ್ಟ ಮ್ಯಾಲ ಉಳಿಸ್ಕೋಬೇಕ್ರಿ. ಮನಸ್ಸ ಗಟ್ಟಿ ಇದ್ರ ಎಲ್ಲಾ ಆಗತೈತಿ."

"ಹೌದು?" ಎಂದು ಅಜ್ಜಾರು ಎದ್ದರು. "ಬಾ ಇಲ್ಲೆ. ಗದ್ದಿಗಿ ಮ್ಯಾಲ ಕೈ ಇಡು."

"ನಾನ್ಯಾಕ್ರಿ? ನಾ ಕುಡಿಯೂದಿಲ್ಲಲ್ರಿ."

"ನಿನಗ ಬಿಡಾಕ ಆಗದ್ದು ಏನೈತಿ?"

ಪಡದಯ್ಯ ತಲೆ ತಗ್ಗಿಸಿ ನಕ್ಕ. ಮಠದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ ಅದು. "ಸಿಟ್ಟು ಒಂದ ಐತ್ರಿ."

"ದೀಪಾವಳಿ ಅಮಾಸಿತನಕ ಯಾರ ಮ್ಯಾಲೂ ಸಿಟ್ಟಾಗಂಗಿಲ್ಲ. ಆಣೆ ಮಾಡು."

"ಇಷ್ಟಽ ಏನ್ರಿ?" ಎಂದು ಪಡದಯ್ಯ ಹಗುರಾಗಿ ಕೈ ಇಟ್ಟ. "ಸಿಟ್ಟಾದ್ರ ಈ ಹೊಸ್ತಿಲಾ ತುಳಿಯಂಗಿಲ್ಲ."

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಹಾಲಿನ ಗಡಿಗೆಗೆ ಎಮ್ಮೆ ಒದ್ದಾಗ ಪಡದಯ್ಯ ಎಮ್ಮೆಗೆ ಕೈ ಮುಗಿದ. ದಾಸೋಹದ ನಿಂಗವ್ವ ಸಾರಿಗೆ ಉಪ್ಪು ಮರೆತಾಗ ಕಣ್ಣು ಮುಚ್ಚಿ ಉಂಡ. ಸಿಟ್ಟು ಬಿಡುವುದು ಇಷ್ಟು ಸುಲಭವೇ ಎಂದು ಅವನಿಗೆ ತನ್ನ ಮೇಲೆಯೇ ಮೆಚ್ಚುಗೆ ಬಂತು.

ವಾರ ತುಂಬುವ ಮೊದಲು ಫಕೀರಪ್ಪನ ಹೆಂಡತಿ ಕಾಶವ್ವ ಬಂದಳು. ಅಜ್ಜಾರು ಮೊಣಕಾಲು ತೋರಿಸಲು ಪೇಟೆಗೆ ಹೋಗಿದ್ದರು. ಕಾಶವ್ವ ಹೆಬ್ಬಾಗಿಲ ಆಚೆಯೇ ನಿಂತಳು.

"ಸ್ವಾಮ್ಯಾರ, ಅವ್ರು ಮೂರ ದಿನ ಆತು, ಮನೀಗೆ ಬಂದಿಲ್ರಿ. ನೀವು ಹೋಗಿ ಕರದ್ರ ಬರ್ತಾರ್ರಿ. ನಾ ಕರದ್ರ ಬರೂದಿಲ್ರಿ."

"ಆಣೆ ಮುರದವನ್ನ ನಾ ಹ್ಯಾಂಗ ಕರೀಲಿ?"

"ಮಾಡಿಸಿದವ್ರು ನೀವ ಅಲ್ಲೇನ್ರಿ?"

ಅವಳು ಮೆಲ್ಲಗೇ ಕೇಳಿದ್ದಳು. ಆದರೆ ಆ ಮಾತು ಪಡದಯ್ಯನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

"ನನಗ ಹೇಳಾಕ ಬಂದೀಯೇನು?" ಎಂದು ಅವನು ಕೂಗಿಕೊಂಡ. "ಕುಡದು ಬಂದ ಗಂಡಗ ಬಿಸಿ ರೊಟ್ಟಿ ಬಡದು ಹಾಕಿ ಕೆಡಿಸಿದಾಕಿ ನೀ! ಈಗ ಇಲ್ಲಿ ಬಂದು ಅಳತೀ? ಹೋಗು, ಹೋಗು ಇಲ್ಲಿಂದ!"

ಕಾಶವ್ವ ಅಳುತ್ತಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡಳು. ತಿರುಗಿ ಹೋದಳು.

ಹಾದಿ ಖಾಲಿಯಾಯಿತು. ಪಡದಯ್ಯ ಸುತ್ತ ನೋಡಿದ. ಯಾರೂ ಕೇಳಿರಲಿಲ್ಲ. ಅವನಿಗೆ ಮೊದಲು ಅನ್ನಿಸಿದ್ದು ಅದೇ: ಸದ್ಯ, ಯಾರೂ ಕೇಳಿಲ್ಲ. ಕಾಶವ್ವನ ನೆನಪು ಆಮೇಲೆ ಬಂತು.

ಅವನು ಒಳಗೆ ಹೋಗಲು ತಿರುಗಿದ. ಗದ್ದುಗೆಯ ಅಂಗಳದ ಹೊಸ್ತಿಲ ಬಳಿ ಕಾಲು ನಿಂತಿತು.

ಆ ಅಂಗಳ ದಾಟದೆ ಮಠದಲ್ಲಿ ಎಲ್ಲಿಗೂ ಹೋಗುವಂತಿರಲಿಲ್ಲ. ಊಟದ ಮನೆ, ಪಡಸಾಲೆ, ಅಜ್ಜಾರ ಕೋಣೆ ಎಲ್ಲ ಅದರ ಆಚೆ. ಈಚೆ ಇದ್ದದ್ದು ಹೆಬ್ಬಾಗಿಲ ಪಕ್ಕದ ಅವನ ಕೋಣೆ ಮತ್ತು ಎಮ್ಮೆಯ ಕೊಟ್ಟಿಗೆ. ನಾಳೆ ಬೆಳಿಗ್ಗೆ ಗದ್ದುಗೆಗೆ ಪೂಜೆ ಮಾಡಬೇಕಾದವನು ಅವನೇ.

ಪಡದಯ್ಯ ಕೋಣೆಗೆ ಹೋಗಿ ಹೊದ್ದು ಮಲಗಿದ. ಊಟಕ್ಕೆ ಕರೆಯಲು ಬಂದ ನಿಂಗವ್ವನಿಗೆ ಜ್ವರ ಎಂದ.

ಪೇಟೆಯಿಂದ ಬಂದ ಅಜ್ಜಾರು ಬಾಗಿಲಲ್ಲಿ ಇಣುಕಿದರು.

"ಜ್ವರೇನು?"

"ಹೌದ್ರಿ ಅಜ್ಜಾರ. ಮೈಯೆಲ್ಲಾ ನೋವು."

"ಮಲಗು. ಪೂಜಿ ನಾ ಮಾಡ್ತೀನಿ."

ಸ್ವಲ್ಪ ಹೊತ್ತಿಗೆ ಕಡುಕಹಿಯಾದ ನೆಲಬೇವಿನ ಕಷಾಯ ಬಂತು. ಲೋಟದ ತುಂಬ. ಪಡದಯ್ಯ ಒಂದೇ ಉಸಿರಿಗೆ ಕುಡಿದ. ಮರುದಿನ ಅಜ್ಜಾರು "ಹ್ಯಾಂಗೈತಿ?" ಎಂದು ಕೇಳಿದರು. "ಕಡಿಮಿ ಆಗಿಲ್ರಿ" ಎಂದ. ಮತ್ತೊಂದು ಲೋಟ ಬಂತು. ಅದನ್ನೂ ಕುಡಿದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಹೆಗಲು ಕೊಡುತ್ತ ಹೋಯಿತು. ಕೆಮ್ಮು ಇರಲಿಲ್ಲ, ಕೆಮ್ಮಿದ. ಅಜ್ಜಾರ ಹೆಜ್ಜೆಯ ಸಪ್ಪಳವಾದರೆ ಗೋಡೆಯ ಕಡೆ ತಿರುಗಿ ಮಲಗಿದ. ನಾಳೆ ಹೇಳುತ್ತೇನೆ ಎಂದುಕೊಂಡ. ಆ ನಾಳೆಯೂ ಬಂದು ಹೋಯಿತು.

ಅದರ ಮರುದಿನ ಬೆಳಗಾಗುತ್ತಲೇ ಅವನಿಗೆ ಕೋಣೆಯಲ್ಲಿ ಇರಲಾಗಲಿಲ್ಲ. ಹೊಳೆಯ ಕಡೆ ಹೊರಟ. ಮಠದೊಳಗಿನಿಂದ ಹೋದರೆ ಹತ್ತಿರ, ಆದರೆ ಅದು ಗದ್ದುಗೆಯ ಅಂಗಳದ ಹಾದಿ. ಹಿಂದಿನ ಜೋಳದ ಹೊಲ ಸುತ್ತಿ, ಮುಳ್ಳುಬೇಲಿ ಸರಿಸಿಕೊಂಡು, ಯಾರೂ ನಡೆಯದ ಕಾಲುಹಾದಿಯಲ್ಲಿ ಇಳಿದ. ಇಲ್ಲಿ ಯಾರೂ ಸಿಗುವುದಿಲ್ಲ ಎಂದುಕೊಂಡಿದ್ದ.

ದಂಡೆಯಲ್ಲಿ ಫಕೀರಪ್ಪ ಕೂತಿದ್ದ.

ಅವನ ಮುಖ ಇಳಿದುಹೋಗಿತ್ತು. ಬೊಗಸೆಯಲ್ಲಿ ನೀರು ಎತ್ತಿದರೆ ಬಾಯಿಗೆ ತಲುಪುವ ಮೊದಲೇ ಚೆಲ್ಲಿಹೋಗುತ್ತಿತ್ತು. ಪಡದಯ್ಯನನ್ನು ಕಂಡು ಏಳಲು ನೋಡಿದ, ಆಗಲಿಲ್ಲ.

"ಬೈಯಾಕ ಬಂದ್ರೇನ್ರಿ ಸ್ವಾಮ್ಯಾರ?"

"ಇಲ್ಲೋ."

"ಮತ್ತ ಈ ಹಾದಿಲೆ ಯಾಕ ಬಂದ್ರಿ? ಇದು ನಮ್ಮಂಥವ್ರ ಹಾದಿರಿ. ಮಠದವರ ಕಣ್ಣಿಗೆ ಬೀಳಬಾರದಂತ ನಾವು ಇಲ್ಲಿ ಹಾಯ್ತೀವಿ."

ಪಡದಯ್ಯ ಅವನ ಪಕ್ಕದಲ್ಲಿ ಕೂತ. "ನಾನೂ ಅದಕ್ಕ ಬಂದೀನಿ."

ಫಕೀರಪ್ಪನಿಗೆ ತಿಳಿಯಲಿಲ್ಲ.

"ಅಜ್ಜಾರು ನನಗೂ ಆಣೆ ಹಾಕಿದ್ರು. ಸಿಟ್ಟಾಗಂಗಿಲ್ಲಂತ. ಮುರದೆ."

"ಯಾರ ಮ್ಯಾಲ ಸಿಟ್ಟಾದ್ರಿ?"

ಪಡದಯ್ಯ ಹೊಳೆ ನೋಡಿದ. "ನಿನ್ನ ಹೇಣ್ತಿ ಮ್ಯಾಲ. ನಿನ್ನ ಹುಡುಕಿ ಕರಕೊಂಡ ಬರ್ರಿ ಅಂತ ಬಂದಿದ್ಲು."

ಫಕೀರಪ್ಪ ಒದ್ದೆ ಅಂಗೈಗಳನ್ನು ಮೊಣಕಾಲಿಗೆ ಒರೆಸಿಕೊಂಡ.

"ಆಕಿ ಏನಂದ್ಲ್ರಿ?"

"ಏನೂ ಅನ್ಲಿಲ್ಲ. ಹೋದ್ಲು."

"ಹಂಗ ಆಕಿ," ಎಂದ ಫಕೀರಪ್ಪ. "ನನಗೂ ಏನೂ ಅನ್ನೂದಿಲ್ರಿ. ಅಂದ್ರ ಎಷ್ಟೋ ಬೇಶಿತ್ತು."

ಇಬ್ಬರೂ ನೀರಿನ ಕಡೆ ನೋಡುತ್ತ ಕೂತರು. ಪಡದಯ್ಯನಿಗೆ ವಿಚಿತ್ರವೆನಿಸಿತು. ಇಷ್ಟು ವರ್ಷ ಈ ಮನುಷ್ಯನಿಗೆ ಅನ್ನ ಬಡಿಸಿದ್ದ. ಹೀಗೆ ಪಕ್ಕದಲ್ಲಿ ಕೂತದ್ದು ಇದೇ ಮೊದಲು.

"ಮಠಕ್ಕ ಯಾಕ ಬರ್ಲಿಲ್ಲೋ?"

"ಬರಬೇಕಂತ ಮಾಡೀನ್ರಿ. ಹಂಗ ಬರಾಕ ಬರತೈತೇನ್ರಿ, ಕುಡದ ಬಾಯೀಲೆ, ಆಣೆ ಮುರದ ಕೈಲೆ? ಅದಕ್ಕ ಮೊನ್ನಿ ರಾತ್ರಿಯಿಂದ ಬಿಟ್ಟೀನಿ. ಹನಿ ಮುಟ್ಟಿಲ್ಲ. ಪೂರ್ತಿ ಚೊಲೋ ಆಗಿ, ಆಮ್ಯಾಲ ಗದ್ದಿಗಿ ಮುಂದ ಬಂದು ಬೀಳೂಣಂತ."

"ಮೊನ್ನಿಯಿಂದ? ಒಮ್ಮಿಗೇ?"

"ಹೂಂ ರೀ. ಮನಸ್ಸ ಗಟ್ಟಿ ಮಾಡೀನಿ. ಆಣೆ ಮಾಡಸೂ ಮುಂದ ನೀವ ಹೇಳಿದ್ರಲ್ಲ."

ಪಡದಯ್ಯ ಬೆಚ್ಚಿ ಅವನ ಕೈ ಹಿಡಿದು ನೋಡಿದ. ಕೈ ಬೆವರಿನಲ್ಲಿ ತೊಯ್ದು ನಡುಗುತ್ತಿತ್ತು.

"ಏಳು. ಈಗಿಂದೀಗ ದವಾಖಾನಿಗೆ ಹೋಗೂಣು."

"ಸ್ವಾಮ್ಯಾರ, ನನ್ನ ಕಾಲ ಮ್ಯಾಲ ಇರಿವಿ ಹರದಾಡಾಕ ಹತ್ಯಾವ್ರಿ, ನೋಡ್ರಿ..."

ಅವನ ಕಾಲ ಮೇಲೆ ಒಂದು ಇರುವೆಯೂ ಇರಲಿಲ್ಲ.

ಫಕೀರಪ್ಪನ ಕಣ್ಣು ಮೇಲಾದವು. ಕೈಕಾಲು ಸೆಟೆದುಕೊಂಡು ದಂಡೆಯ ಮೇಲೆ ಉರುಳಿದ. ಮೈ ಜಾಡಿಸತೊಡಗಿತು.

ಪಡದಯ್ಯ ಹೆದರಿದ. ಹೆದರಿದರೂ ಅಜ್ಜಾರು ಕಲಿಸಿದ್ದು ಮರೆಯಲಿಲ್ಲ. ಕಲ್ಲುಗಳಿಂದ ಈಚೆಗೆ ಎಳೆದು ಮಗ್ಗುಲಾಗಿ ಮಲಗಿಸಿದ. ಹೆಗಲ ವಸ್ತ್ರ ಮಡಿಚಿ ತಲೆಯ ಕೆಳಗಿಟ್ಟ. ಬಾಯಿಗೆ ಏನೂ ಹಾಕಲಿಲ್ಲ, ಕೈಕಾಲು ಅದುಮಿ ಹಿಡಿಯಲಿಲ್ಲ. ಜಾಡಿಸುವುದು ನಿಲ್ಲುವ ತನಕ ಕಾದ. ಅಷ್ಟು ಹೊತ್ತೂ ಅವನ ಬಾಯಲ್ಲಿ ಮಂತ್ರವಲ್ಲ, "ಫಕೀರಪ್ಪ, ಫಕೀರಪ್ಪ" ಎಂಬುದೊಂದೇ ಇತ್ತು.

ಮೈ ಸಡಿಲಾದ ಮೇಲೆ ಅವನನ್ನು ಹೆಗಲಿಗೆ ಹಾಕಿಕೊಂಡ. ಟಂಟಂ ನಿಲ್ಲುತ್ತಿದ್ದದ್ದು ಮಠದ ಮುಂದೆ. ಹೊಲ ಸುತ್ತಿ ಹೋಗಲು ಹೊತ್ತಿರಲಿಲ್ಲ. ಹೊಳೆಯ ಮೆಟ್ಟಿಲು ಹತ್ತಿದರೆ ಮಠದ ಹಿಂಬಾಗಿಲು, ಅಲ್ಲಿಂದ ಹೆಬ್ಬಾಗಿಲಿಗೆ ಇರುವುದು ಒಂದೇ ದಾರಿ.

ಹೆಗಲ ಮೇಲಿನ ಫಕೀರಪ್ಪನಿಗೆ ಅರೆಬರೆ ಎಚ್ಚರ ಬಂತು. "ಬ್ಯಾಡ್ರಿ... ಗದ್ದಿಗಿ... ಹೊಸ್ತಿಲಾ..."

"ಬಾಯಿ ಮುಚ್ಚಿಕೊಂಡ ಸುಮ್ನಿರೋ!" ಎಂದು ಪಡದಯ್ಯ ಗದರಿದ. ಅಂದರೆ ಮತ್ತೊಮ್ಮೆ ಸಿಟ್ಟಾದ.

ಹೊಸ್ತಿಲ ಮುಂದೆ ಅವನು ಒಂದು ಗಳಿಗೆ ತಡೆದ ಎಂದು ಹೇಳಿದರೆ ಕಥೆಗೆ ಚಂದ. ಅವನು ತಡೆಯಲಿಲ್ಲ. ಹೆಗಲ ಮೇಲೆ ಮನುಷ್ಯನ ಜೀವ ಇರುವಾಗ ಹೊಸ್ತಿಲು ಯಾರ ಕಣ್ಣಿಗೆ ಬೀಳುತ್ತದೆ?

ಅಂಗಳದಲ್ಲಿ ಅಜ್ಜಾರು ಗದ್ದುಗೆಗೆ ಪತ್ರಿ ಏರಿಸುತ್ತಿದ್ದರು. ಇವರನ್ನು ನೋಡಿದರು. ಕೈಯಲ್ಲಿದ್ದ ಪತ್ರಿ ಅಲ್ಲೇ ಬಿಟ್ಟರು. ಕೋಲು ಮರೆತು, ಕುಂಟುತ್ತ ಓಡಿ, ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತು ಟಂಟಂ ತಡೆದರು. ಅಂದಿನ ಪೂಜೆ ಅರ್ಧಕ್ಕೇ ಉಳಿಯಿತು.

ಆಸ್ಪತ್ರೆಯಲ್ಲಿ ಫಕೀರಪ್ಪನಿಗೆ ಇನ್ನೊಮ್ಮೆ ಫಿಟ್ಸು ಬಂತು. ಡಾಕ್ಟರಮ್ಮ ಸೂಜಿ ಹಾಕಿದರು, ಸಲಾಯಿನ್ ಏರಿಸಿದರು. ಸಂಜೆಯ ಹೊತ್ತಿಗೆ ಹೊರಗೆ ಬಂದು, "ಇನ್ನ ಸ್ವಲ್ಪ ತಡಾ ಆಗಿದ್ರ ಕಷ್ಟ ಇತ್ತು. ಕುಡಿತ ಬಿಡಲಿಕ್ಕೆ ಒಬ್ಬನನ್ನೇ ಯಾಕೆ ಬಿಟ್ಟಿರಿ?" ಎಂದು ಕೇಳಿದರು.

ಪಡದಯ್ಯ ಆಸ್ಪತ್ರೆಯ ಪಡಸಾಲೆಯ ಗೋಡೆಗೆ ಒರಗಿ ಕೂತ.

ಸುದ್ದಿ ತಿಳಿದು ಕಾಶವ್ವ ಬುತ್ತಿ ಕಟ್ಟಿಕೊಂಡು ಬಂದಳು. ಗಂಡನನ್ನು ನೋಡಿ ಬಂದು ಪಡಸಾಲೆಯ ನೆಲದ ಮೇಲೆ ಕೂತಳು. ಪಡದಯ್ಯ ಎದ್ದು ಅವಳ ಮುಂದೆ ಹೋಗಿ ನಿಂತ.

"ತಂಗೀ, ನಂದು ತಪ್ಪಾತು. ಆ ಮಾತು ಆಡಬಾರದಿತ್ತು."

ಕಾಶವ್ವ ಬುತ್ತಿ ಬಿಚ್ಚುತ್ತ ಹೇಳಿದಳು. "ಬೈದ್ರಿ ಅಂತ ನನಗ ಕೆಟ್ಟ ಅನಸಲಿಲ್ರಿ ಸ್ವಾಮ್ಯಾರ. ಬಾಗಲದಾಗ ನಿಲ್ಲಿಸಿ ಬೈದ್ರಿ. ಒಳಗ ಕರದು ಬೈಬೇಕಿತ್ತು."

ಅವಳು ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ಅವನ ಕೈಗೆ ಕೊಟ್ಟಳು. ಪಡದಯ್ಯ ಅವಳ ಎದುರಿಗೇ ನೆಲದ ಮೇಲೆ ಕೂತ. ಉಂಡ, ಬೆಳಗಿನಿಂದ ಉಪವಾಸವಿದ್ದ.

ಅಜ್ಜಾರು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಪಡದಯ್ಯ ಅವರ ಬಳಿ ಬಂದ.

"ಅಜ್ಜಾರ, ನಾ ಗದ್ದಿಗಿ ಅಂಗಳಾ ದಾಟಿದೆ."

"ನೋಡಿದೆ."

"ಅದಕ್ಕಿಂತ ಮೊದ್ಲ ಆಣೆ ಮುರದಿದ್ದೆ."

"ಗೊತ್ತಿತ್ತು."

"ಯಾರ ಹೇಳಿದ್ರು? ಕಾಶವ್ವ?"

"ಕಷಾಯ ಹೇಳ್ತು. ಜ್ವರ ಬಂದವ ಅದನ್ನ ಉಗುಳ್ತಾನ. ತಪ್ಪ ಮಾಡಿದವ ಅಷ್ಟೇ ಗಟಗಟಾ ಕುಡೀತಾನ."

"ಮತ್ತ ಯಾಕ ಕೇಳ್ಲಿಲ್ರಿ?"

"ಕೇಳಿದ್ರ ಇನ್ನೊಂದ ಸುಳ್ಳ ಹೇಳ್ತಿದ್ದಿ. ಪಾಪ, ಆಗಲೇ ಭಾಳ ಹೊತ್ತಿದ್ದಿ."

ಪಡದಯ್ಯ ಅವರ ಕಾಲ ಬಳಿ ಕೂತ. "ಒಂದ ಮಾತಿಗೆ ನಾ ಹಿಂಗ ಅಡಗಿ ಕೂತೆ ಅಜ್ಜಾರ. ಅವನ ಗತಿ ಏನಾಗಿರಬೇಕು?"

ಅಜ್ಜಾರು ಹೆಗಲ ಮೇಲಿನ ಶಾಲು ತೆಗೆದು ಅವನಿಗೆ ಹೊದಿಸಿದರು. ಆ ರಾತ್ರಿಯೂ ಮುಂದಿನ ರಾತ್ರಿಗಳೂ ಪಡದಯ್ಯ ಆಸ್ಪತ್ರೆಯಲ್ಲೇ ಮಲಗಿದ.

ಫಕೀರಪ್ಪ ಬದುಕಿದ. ಗುಳಿಗೆ, ಗಂಜಿ, ನಿದ್ದೆ. ಮೆಲ್ಲಗೆ ಕೈಯ ನಡುಕ ನಿಂತಿತು.

ದೀಪಾವಳಿ ಅಮಾವಾಸ್ಯೆ ಬಂತು. ಹೊಳೆಯಲ್ಲಿ ಮಿಂದ ಜನ ಒದ್ದೆ ಬಟ್ಟೆಯಲ್ಲಿ ಸಾಲು ಹಚ್ಚಿದರು. ಹಿಂದಿನ ಸಲಕ್ಕಿಂತ ಸಾಲು ಉದ್ದವಾಗಿತ್ತು. ಆಸ್ಪತ್ರೆಯಿಂದ ಬಂದ ಫಕೀರಪ್ಪ ಕಾಶವ್ವನ ಜೊತೆ ಹೆಬ್ಬಾಗಿಲ ಆಚೆಯ ಕಟ್ಟೆಯ ಮೇಲೆ ಕೂತಿದ್ದ. ಎಲ್ಲರೂ ಕರೆದರೂ ಒಳಗೆ ಬರಲಿಲ್ಲ. ತಾನಾಗಿ ಹೊಸ್ತಿಲು ತುಳಿಯಲು ಅವನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ಪಡದಯ್ಯ ಗದ್ದುಗೆಯ ಬಳಿ ನಿಂತಿದ್ದ. ಸಾಲಿನ ಮೊದಲಿನವನು ಆಗಲೇ ಕೈ ಚಾಚಿದ್ದ. ಪಡದಯ್ಯ ವಿಭೂತಿ ಹಚ್ಚಲಿಲ್ಲ. ಅಜ್ಜಾರ ಕಡೆ ತಿರುಗಿದ.

"ಅಜ್ಜಾರ, ಇವರನ್ನ ಏನ್ ಮಾಡ್ಲ್ರಿ? ಆಣೆ ಗೀಣೆ ಬ್ಯಾಡಂತ ವಾಪಸ್ ಕಳಿಸ್ಲೇನ್ರಿ?"

"ಬಿಡಬೇಕಂತ ಇಷ್ಟ ದೂರ ಬಂದಾರ. ಥಂಡ್ಯಾಗ ನಡುಗಾಕ ಹತ್ಯಾರ. ಯಾಕ ಕಳಿಸ್ತಿ?"

"ಹಂಗಾದ್ರ ಆಣೆ ಮಾಡಿಸ್ಲ್ಯಾ?"

"ಮಾಡ್ಲಿ. ಆದ್ರ ಇಲ್ಲೀತನಕ ಅವರ ಮಾಡ್ಯಾರ. ಇವತ್ತ ಮೊದ್ಲ ನೀ ಮಾಡು."

"ನಾ? ಏನಂತ ಮಾಡ್ಲ್ರಿ?"

"ನನ್ನ ಯಾಕ ಕೇಳ್ತಿ? ಹೊರಗ ಕುಂತಾನಲ್ಲ, ಅವನ್ನ ಕೇಳು. ಏನ್ ಬೇಕಿತ್ತಂತ ಬಿದ್ದವಗ ಗೊತ್ತಿರತೈತಿ."

ಪಡದಯ್ಯ ಸಾಲು ದಾಟಿ ಹೊರಗೆ ಬಂದ. ಒದ್ದೆ ಬಟ್ಟೆಯ ಜನವೂ ತಿರುಗಿ ನೋಡಿತು. ಅವನು ಫಕೀರಪ್ಪನ ಮುಂದೆ ನೆಲದ ಮೇಲೆ ಕೂತ.

"ಫಕೀರಪ್ಪ, ನಾ ಏನಂತ ಆಣೆ ಮಾಡ್ಲಿ, ಹೇಳು."

ಫಕೀರಪ್ಪ ಗಾಬರಿಯಾದ. "ನಾ ಏನ್ ಹೇಳ್ಲ್ರಿ ಸ್ವಾಮ್ಯಾರ? ನಾ ಕುಡುಕ."

"ಹೇಳ್ರಿ," ಎಂದಳು ಕಾಶವ್ವ.

ಫಕೀರಪ್ಪ ತನ್ನ ಅಂಗೈ ನೋಡಿಕೊಂಡ. ಸಿಮೆಂಟು ತಿಂದ ಅಂಗೈ ಅದು.

"ಇನ್ನ ಕುಡಿಯೂದಿಲ್ಲ ಅಂತ ನಾ ದಿನಾ ಮುಂಜಾನಿ ಅಂತೀನ್ರಿ. ಇನ್ನೂ ಅಂತೀನಿ. ಆದ್ರ ಎಂದರ ಬಿದ್ರ... ನಾ ಚೊಲೋ ಆಗಿ ಬರೂತನಕ ಕಾಯಬ್ಯಾಡ್ರಿ. ನೀವ ಬರ್ರಿ."

ಪಡದಯ್ಯ ಅವನ ಅಂಗೈ ಮೇಲೆ ತನ್ನ ಕೈ ಇಟ್ಟ. "ಬರ್ತೀನಿ. ಎಲ್ಲಿದ್ರೂ ಬರ್ತೀನಿ."

ಫಕೀರಪ್ಪ ಮುಖ ಮುಚ್ಚಿಕೊಂಡು ಅತ್ತ. ಕಾಶವ್ವ ಅವನ ಬೆನ್ನ ಮೇಲೆ ಕೈ ಇಟ್ಟಳು. ಆಮೇಲೆ ಪಡದಯ್ಯ ಅವನ ಕೈ ಬಿಡದೆ ಎಬ್ಬಿಸಿದ, ಮೂವರೂ ಹೊಸ್ತಿಲು ದಾಟಿ ಒಳಗೆ ಬಂದರು. ಯಾರಿಗೂ ಏನೂ ಆಗಲಿಲ್ಲ.

ಸಾಲಿನವರೆಲ್ಲರಿಗೂ ಅದೇ ಆಣೆ ಮಾಡಲು ಗದ್ದುಗೆಯ ಬಳಿ ಬಂದಾಗ ಪಡದಯ್ಯನ ಮುಖದಲ್ಲಿ ಹೆದರಿಕೆ ಇತ್ತು. ಹಿಂದಿನ ಆಣೆಯನ್ನು ಒಂದು ವಾರವೂ ಉಳಿಸಿಕೊಳ್ಳಲಾಗದವನು ಅವನು. ಈ ಸಾಲಿನಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಜನ ಬೀಳುತ್ತಾರೆ, ಎಷ್ಟು ದಂಡೆಗಳಲ್ಲಿ ಹುಡುಕಬೇಕು?

ಅವನು ಅಜ್ಜಾರ ಕಿವಿಯ ಹತ್ತಿರ ಬಗ್ಗಿದ.

"ಅಜ್ಜಾರ, ಈ ಆಣೇನೂ ನಾ ಮುರದ್ರ?"

ಅಜ್ಜಾರು ಸಾಲಿನ ಮೊದಲಿನವನ ಹಣೆಗೆ ವಿಭೂತಿ ಹಚ್ಚುತ್ತ ಹೇಳಿದರು.

"ಫಕೀರಪ್ಪ ಬಂದು ನಿನ್ನ ಕರಕೊಂಡ ಬರ್ತಾನ. ಅವಗ ಹಾದಿ ಗೊತ್ತೈತಿ."